ನಾಲ್ಕು ಖಾಲಿ ಸೋಮವಾರ

ಸೂಡಿ
14 ಸೆಪ್ಟೆಂಬರ್ 2024

ಸ್ವಸ್ತಿಶ್ರೀ ಸಮಸ್ತ ಸದ್ಗುಣಸಂಪನ್ನೆ, ಶಿರೋಳ ಗ್ರಾಮದ ಕಾಲುವೆಯ ಕಟ್ಟಕಡೆಯ ಎರಡು ಎಕರೆಗೆ ಸಾರ್ವಭೌಮೆ, ಎರಡು ಎಮ್ಮೆ ಹಾಗೂ ಒಂದು ಕರುವಿನಿಂದ ತ್ರಿಕಾಲವೂ ಕೂಗಿ ಕರೆಯಲ್ಪಡುವಾಕೆ, ಪಿಯುಸಿ ವಿಜ್ಞಾನದಲ್ಲಿ ನೂರಕ್ಕೆ ಅರವತ್ತೆಂಟು ಗಳಿಸಿ ಆ ಅಂಕಪಟ್ಟಿಯನ್ನು ಟ್ರಂಕಿನ ತಳಕ್ಕೆ ಹಾಸಿ ಅದರ ಮೇಲೆ ಸೀರೆ ಮಡಚಿಟ್ಟ ಮಹಾತ್ಯಾಗಿ, ನನ್ನ ಒಡಹುಟ್ಟಿದ ಅಕ್ಕ ಶ್ರೀಮತಿ ಕವಿತಾದೇವಿಯವರ ಪಾದಾರವಿಂದಗಳಿಗೆ,

ತಮ್ಮನೂ ಕುಲಪತಿಯೂ ಆದ ದ್ಯಾಮೇಶನು ಸೂಡಿಯ ಮನೆಯ ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಆಸೀನನಾಗಿ ಹೊರಡಿಸಿದ ಆಜ್ಞಾಪತ್ರ.

ವಿಷಯ: ನಿನ್ನನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಲಾಗಿದೆ.

ನಗಬೇಡ. ಕಡಲಾಚೆಯ ಒಂದು ದೊಡ್ಡ ವಿಶ್ವವಿದ್ಯಾಲಯ ‘ಮಣ್ಣು ಮತ್ತು ನೀರು’ ಎಂಬ ಪಾಠವನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹೇಳಿಕೊಡುತ್ತಿದೆ. ಹದಿಮೂರು ವಾರ. ಫೀ ಇಲ್ಲ, ಡೊನೇಶನ್ ಇಲ್ಲ, ಆದಾಯ ಪ್ರಮಾಣಪತ್ರ ಇಲ್ಲ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ಕೂಡ ಇಲ್ಲ. ಇಷ್ಟು ಕಡಿಮೆ ಕಾಗದ ಕೇಳುವ ಸಂಸ್ಥೆಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಸಂಶಯ ಬಂದು ಎರಡು ಸಲ ಓದಿದೆ. ಖರೇ ಇದೆ. ಜಗತ್ತಿನ ನಲವತ್ತು ಸಾವಿರ ಮಂದಿ ಸೇರಿದ್ದಾರೆ. ನಿನ್ನ ಹೆಸರಿನಲ್ಲಿ ಖಾತೆ ತೆರೆದಿದ್ದೇನೆ. ಪಾಸ್‌ವರ್ಡ್ ಕುಲಪತಿಗಳ ವಶದಲ್ಲಿರುತ್ತದೆ.

ಶಿರೋಳದಲ್ಲಿ ವೀಡಿಯೊ ಹತ್ತದೆ ಗಿರಗಿರ ತಿರುಗುತ್ತದೆ ಎಂಬುದು ನಮಗೆ ಗೊತ್ತು. ಆದ್ದರಿಂದ ವ್ಯವಸ್ಥೆ ಹೀಗೆ. ನಾನು ಗಜೇಂದ್ರಗಡದ ಕಾಲೇಜಿಗೆ ಹೋದಾಗ ಆ ವಾರದ ಪಾಠಗಳನ್ನು ಮೆಮೊರಿ ಕಾರ್ಡಿಗೆ ಇಳಿಸುತ್ತೇನೆ. ಕಾರ್ಡನ್ನು ಲಕೋಟೆಯಲ್ಲಿಟ್ಟು ನರಗುಂದ ಬಸ್ಸಿನ ಕಂಡಕ್ಟರ್ ನಯೀಮನ ಕೈಗೆ ಕೊಡುತ್ತೇನೆ. ಟ್ರ್ಯಾಕ್ಟರ್ ತಗೊಂಡು ದಿನಾ ನರಗುಂದಕ್ಕೆ ಬರುವ ಕನಕರಾಜ ಭಾವ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಲಿ. ನೀನು ನೋಡಿ, ಉತ್ತರಗಳನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆದು ಅದೇ ಬಸ್ಸಿಗೆ ಕಳಿಸು. ಇಂಗ್ಲಿಷ್ ಮಾಡಿ ಏರಿಸುವ ಜವಾಬ್ದಾರಿ ನನ್ನದು.

ನಿನ್ನೆ ಕಾರ್ಡಿನ ಲಕೋಟೆ ತೋರಿಸಿ ಕೇಳಿದಾಗ ನಯೀಮ ಅದನ್ನು ಅಲ್ಲಾಡಿಸಿ ನೋಡಿ, “ಒಳಗೇನೈತಪಾ?” ಅಂದ. “ವಿಶ್ವವಿದ್ಯಾಲಯ” ಅಂದೆ. “ಹಂಗಾದ್ರ ಲಗೇಜ್ ಟಿಕೆಟ್ ಹರೀಬೇಕು” ಅಂದ.

ನಾನೂ ಸೇರಿದ್ದೇನೆ. ಕೇವಲ ನಿನಗೆ ಜೊತೆಯಾಗಲೆಂದು.

ಇಂತಿ ಕುಲಪತಿ
ದ್ಯಾಮೇಶ


ಶಿರೋಳ
22 ಸೆಪ್ಟೆಂಬರ್ 2024

ದ್ಯಾಮ್ಯಾ,

ಹೋದ ವರ್ಷ ನೀನು ಕೃಷಿ ಇಲಾಖೆಯ ಹೆಸರಿನಲ್ಲಿ ನಮ್ಮ ಮಾವನಿಗೆ ಪತ್ರ ಬರೆದು ಎಮ್ಮೆಗಳ ಜನ್ಮದಿನಾಂಕ ಕೇಳಿದ್ದು ನಾನು ಮರೆತಿಲ್ಲ. ಪಾಪ, ಅವರು ಎರಡು ದಿನ ಕೂತು ಯಾವ ಹಬ್ಬದ ಆಚೆ ಈಚೆ ಹುಟ್ಟಿದವು ಎಂದು ನೆನಪು ಮಾಡಿಕೊಂಡರು. ಆದ್ದರಿಂದ ನಿನ್ನ ಲಕೋಟೆಯನ್ನು ಮೂರು ದಿನ ಒಡೆಯಲೇ ಇಲ್ಲ.

ನಾಲ್ಕನೆಯ ದಿನ ಒಡೆದೆ. ಮಾಸ್ತರು ಬಹಳ ಬಿರುಸಿನಿಂದ ಮಾತಾಡುತ್ತಾರೆ. ಅರ್ಧ ವೇಗಕ್ಕಿಟ್ಟೆ. ಈಗ ಕುಡಿದವರ ಹಾಗೆ ತೂಗಿ ತೂಗಿ ಹೇಳುತ್ತಾರೆ, ಆದರೆ ತಿಳಿಯುತ್ತದೆ. ಒಂದು ಪಾಠವನ್ನು ನಾಲ್ಕು ಸಲ ನೋಡಿದೆ. ಅವರು ತೋರಿಸಿದ ಒಂದು ಚಿತ್ರದಲ್ಲಿ ನಮ್ಮ ಹೊಲವೇ ಇತ್ತು. ಯಾವ ದೇಶದ್ದೋ ಏನೋ, ಅದೇ ಬಿಳುಪು, ಅದೇ ಬೋಳು.

ನಿನಗೆ ಒಂದು ಮಾತು ಹೇಳಿರಲಿಲ್ಲ. ಕಾಲುವೆಯ ಕೊನೆಯ ಎರಡು ಎಕರೆಯನ್ನು ಮೂವತ್ತು ವರ್ಷದ ಲಾವಣಿ ಗುತ್ತಿಗೆಯ ಮೇಲೆ ಸೋಲಾರ್ ಕಂಪನಿಗೆ ಕೊಡಲು ಮಾವ ಒಪ್ಪಿದ್ದಾರೆ. ಜನವರಿ ಕೊನೆಗೆ ಸಹಿ. “ಸವಳ ಬಿದ್ದ ಹೊಲ ಅದು. ಮಳಿಗಾಲದಾಗ ಕೆಸರ, ಬ್ಯಾಸಗ್ಯಾಗ ಸುಣ್ಣ. ಕನ್ನಡಿ ಹಚ್ಚಿ ಕರೆಂಟರ ತಗೀಲಿ” ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ನಾನು ಈ ಮನೆಗೆ ಬಂದ ವರ್ಷ ಅದೇ ಹೊಲದಲ್ಲಿ ಗೋವಿನಜೋಳ ನನ್ನ ತಲೆ ಮುಚ್ಚುವಷ್ಟು ಬೆಳೆದಿತ್ತು. ನಾಲ್ಕೇ ವರ್ಷದಲ್ಲಿ ಸತ್ತ ಹೊಲ ಬದುಕುವುದಿಲ್ಲ ಎಂದರೆ ನಾನು ನಂಬಲಾರೆ.

ಈ ಪಾಠ ಉಪ್ಪೇರಿದ ಸವಳು ಹೊಲವನ್ನು ತಿರುಗಿ ತರುವುದು ಹೇಗೆಂದು ಹೇಳುತ್ತದೆಯೇ? ಇದು ನಿನ್ನ ಇನ್ನೊಂದು ಚೇಷ್ಟೆಯಾಗಿದ್ದರೆ ಈಗಲೇ ಹೇಳಿಬಿಡು. ಸಿಟ್ಟಾಗುವುದಿಲ್ಲ.

ಕವಿತಾ


ಸೂಡಿ
2 ಅಕ್ಟೋಬರ್ 2024

ಪರಮಪೂಜ್ಯ ವಿದ್ಯಾರ್ಥಿನಿಯೇ,

ಹೇಳುತ್ತದೆ! ಎಂಟನೆಯ ವಾರವಿಡೀ ಸವಳಿನದೇ ಪಾರಾಯಣ. ಕುಲಪತಿಗಳು ಸ್ವತಃ ಪಠ್ಯಕ್ರಮ ಪರಿಶೀಲಿಸಿ ಈ ಭರವಸೆ ನೀಡುತ್ತಿದ್ದಾರೆ.

ನಿನ್ನ ಮೊದಲ ಎರಡು ವಾರದ ಉತ್ತರಗಳಿಗೆ ಹತ್ತಕ್ಕೆ ಒಂಬತ್ತು. ಹೋದ ಒಂದು ಅಂಕ ನನ್ನಿಂದ ಹೋಯಿತು. “ನಿಮ್ಮ ಹೊಲದಲ್ಲಿ ಹಿಮ ಯಾವ ತಿಂಗಳು ಕರಗುತ್ತದೆ?” ಎಂಬ ಪ್ರಶ್ನೆಯನ್ನು ನೀನು ಬಿಟ್ಟಿದ್ದೆ. ನಾನು “ನಮ್ಮ ಕಡೆ ಏಪ್ರಿಲ್‌ನಲ್ಲಿ ಮನುಷ್ಯರು ಕರಗುತ್ತಾರೆ” ಎಂದು ತುಂಬಿದೆ. ಯಂತ್ರಕ್ಕೆ ಹಾಸ್ಯಪ್ರಜ್ಞೆ ಇಲ್ಲ.

ಇನ್ನೊಂದು ಸಂಗತಿ. ಅವರ ಗಡುವು ಅವರ ಗಡಿಯಾರದ ಪ್ರಕಾರ. ನಮ್ಮಲ್ಲಿ ಅದು ರವಿವಾರ ಬೆಳಗಿನ ಐದೂವರೆ. ಹಾಗಾಗಿ ಶನಿವಾರದ ಬಸ್ಸು ತಪ್ಪಿದರೆ ವಾರವೇ ತಪ್ಪಿತು. ಮೊನ್ನೆ ನಿನ್ನ ಲಕೋಟೆ ತಡವಾಯಿತೆಂದು ನಾನು ರೋಣದವರೆಗೆ ಎದುರು ಹೋಗಿ, ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಮೊಬೈಲಿನಲ್ಲೇ ನಿನ್ನ ಇಡೀ ಉತ್ತರ ಟೈಪ್ ಮಾಡಿ ಏರಿಸಿದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬ, “ಯಾರ ಮ್ಯಾಲ ತಕರಾರ ಬರ್ಯಾಕತ್ತೀಯೋ ತಮ್ಮಾ?” ಅಂದ.

ಸಮಾಚಾರ: ನಲವತ್ತು ಸಾವಿರದಲ್ಲಿ ಈಗ ಒಂಬತ್ತು ಸಾವಿರ ಉಳಿದಿದ್ದಾರೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದೂ ಪುಕ್ಕಟೆ. ನಾವಿಬ್ಬರೂ ಬಿಟ್ಟಿಲ್ಲ ಎಂಬುದನ್ನು ಇತಿಹಾಸ ಬರೆದುಕೊಳ್ಳಲಿ.

ಕುಲಪತಿ


ಶಿರೋಳ
10 ನವೆಂಬರ್ 2024

ದ್ಯಾಮೇಶಾ,

ಒಂದು ತಿಂಗಳು ಬರೀ ಉತ್ತರದ ಹಾಳೆ ಕಳಿಸಿದೆ, ಪತ್ರ ಬರೆಯಲಿಲ್ಲ. ಹಿಂಗಾರಿ ಬಿತ್ತಿಗೆ ಇತ್ತು. ಪಾಠ ಮಾತ್ರ ಬಿಟ್ಟಿಲ್ಲ. ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಡುತ್ತೇನೆ.

ಚರ್ಚೆಯ ಪುಟದಲ್ಲಿ ನನ್ನ ಪ್ರಶ್ನೆ ಹಾಕಿ, ಬಂದ ಉತ್ತರ ಕಳಿಸಿದೆಯಲ್ಲ, ಅದನ್ನು ಹತ್ತು ಸಲ ಓದಿದೆ. ಉಜ್ಬೇಕಿಸ್ತಾನದ ಗುಲ್ನೋರಾ ಎಂಬಾಕೆ. ಆಕೆಯದೂ ಕಾಲುವೆಯ ಕೊನೆಯ ಹೊಲವಂತೆ, ಹತ್ತಿ ಬೆಳೆಯುತ್ತಾರಂತೆ, ಚಳಿಗಾಲದಲ್ಲಿ ಬೆಳ್ಳಗಾಗುತ್ತದಂತೆ. “ಮೇಲಿನ ಉಪ್ಪನ್ನು ಬಯ್ಯಬೇಡ, ಕೆಳಗಿನ ನೀರನ್ನು ನೋಡು. ನೀರು ಹೊರಗೆ ಹೋಗಲು ದಾರಿ ಇಲ್ಲದೆ ಮೇಲೆ ಬರುತ್ತಿದೆ” ಎಂದು ಬರೆದಿದ್ದಾಳೆ. ನಮ್ಮ ತಾಲೂಕಿನಲ್ಲಿ ಯಾರೂ ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ. ಕೇಳಿದರೆ ತಾನೇ ಹೇಳುವುದು, ನಾನೂ ಕೇಳಿರಲಿಲ್ಲ.

ನಾನೂ ನಮ್ಮ ಮನೆಯವರೂ ಹೊಲದ ಒಂದು ಮೂಲೆಯಿಂದ ಹಳ್ಳದವರೆಗೆ, ನೀರು ಬಸಿದು ಹೋಗಲೆಂದು ಸಣ್ಣ ಹರಿ ತೋಡಿದ್ದೇವೆ. ಅದರ ಮಗ್ಗುಲಿಗೆ ಒಂದು, ಹೊಲದ ನಡುವೆ ಒಂದು, ತೂತು ಕೊರೆದ ಪೈಪು ನಿಲ್ಲಿಸಿದ್ದೇವೆ. ಕೊನೆಯ ಪರೀಕ್ಷೆ ಇದೇ ಅಲ್ಲವೇ, ಇಪ್ಪತ್ತೆಂಟು ದಿನ ನೆಲದೊಳಗಿನ ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆಯುವುದು. ಜೋಳದ ದಂಟು ಇಳಿಬಿಟ್ಟು, ಒದ್ದೆಯಾಗದೆ ಉಳಿದದ್ದನ್ನು ಸಾಲಿಯ ಅಳತೆಪಟ್ಟಿಯಿಂದ ಅಳೆಯುತ್ತೇನೆ. ಬುಧವಾರ ಶುರು.

ಸೋಮವಾರಗಳು ಮಾತ್ರ ಖಾಲಿ ಇರುತ್ತವೆ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ನೆಲಕ್ಕೆ ಕಬ್ಬಿಣ ಇಳಿಸುವುದಿಲ್ಲ, ಮಾವ ಹೊಲಕ್ಕೆ ಕಾಲಿಡುವುದಿಲ್ಲ. ಹರಿ ತೋಡಲು ಬಿಟ್ಟದ್ದೇ ದೊಡ್ಡದು. ಅದೊಂದು ದಿನ ಅವರ ಮಾತು ಮೀರಿ ನಾನು ಹೋಗುವುದಿಲ್ಲ.

ಅಕ್ಕ


ಸೂಡಿ
17 ನವೆಂಬರ್ 2024

ಎಲೈ ಅಕ್ಕಾ,

ಜೋಳದ ದಂಟು ಕಬ್ಬಿಣವಲ್ಲ! ನೀನು ಎತ್ತೂ ಅಲ್ಲ! ಪೈಪಿನೊಳಗೆ ಒಂದು ಕಡ್ಡಿ ಇಳಿಸಿ ತೆಗೆದರೆ ಯಾವ ದೇವರ ನಿದ್ದೆಯೂ ಕೆಡುವುದಿಲ್ಲ. ನಾಲ್ಕು ದಿನದ ಅಳತೆ ಇಲ್ಲದಿದ್ದರೆ ಅಂಕ ಕತ್ತರಿಸುತ್ತಾರೆ. ತಿದ್ದುವವರು ಮಾಸ್ತರರಲ್ಲ, ನಮ್ಮಂಥವರೇ ಮೂವರು ವಿದ್ಯಾರ್ಥಿಗಳು. ಅವರಿಗೆ ಸೋಮವಾರದ ಮಹಿಮೆ ಏನು ಗೊತ್ತು?

ಯೋಚಿಸು.

ಕುಲಪತಿ


ಶಿರೋಳ
10 ಡಿಸೆಂಬರ್ 2024

ದ್ಯಾಮ್ಯಾ,

ಯೋಚಿಸಿದೆ. ಹೋಗಲಿಲ್ಲ.

ಹಾಳೆ ಇದರೊಂದಿಗೆ ಇದೆ. ಇಪ್ಪತ್ನಾಲ್ಕು ಅಳತೆ, ನಾಲ್ಕು ಖಾಲಿ ಮನೆ. ಹರಿಯ ಮಗ್ಗುಲಿನ ಪೈಪಿನಲ್ಲಿ ನೀರು ಗೇಣುದ್ದದಿಂದ ಮೊಳದ ಕೆಳಗೆ ಇಳಿದಿದೆ. ನಡುವಿನ ಪೈಪಿನಲ್ಲಿ ಇದ್ದಲ್ಲೇ ಇದೆ. ರವಿವಾರ ನಮ್ಮ ಕಾಲುವೆ ನೀರಿನ ಪಾಳಿ, ಅದನ್ನೂ ಬರೆದಿದ್ದೇನೆ. ಹರಿಯ ದಂಡೆಗೆ ಹಾಕಿದ ಕುಸುಬಿ ಹುಟ್ಟಿದೆ ದ್ಯಾಮ್ಯಾ. ಮುಳ್ಳು ಕೂಡ ಮೂಡಿವೆ. ಮುಳ್ಳು ಕಂಡು ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮಾವ ಇನ್ನೂ ಒಂದು ಮಾತೂ ಆಡಿಲ್ಲ. ಕಂಪನಿಯವರು ಬಂದು ಕಲ್ಲು ನೆಟ್ಟು ಹೋದರು. ಈ ಪರೀಕ್ಷೆ ಪಾಸಾಗಿ ಒಂದು ಕಾಗದ ನನ್ನ ಕೈಗೆ ಬಂದರೆ ಅವರ ಮುಂದೆ ಇಡಬಹುದು. ಬರೀ ನನ್ನ ಬಾಯಿಮಾತಾದರೆ ಸೊಸೆಯ ಹಟ ಎನ್ನುತ್ತಾರೆ.

ಖಾಲಿ ಮನೆ ಖಾಲಿಯೇ ಇರಲಿ.

ಅಕ್ಕ


ಸೂಡಿ
15 ಡಿಸೆಂಬರ್ 2024

ವಿಜಯಶಾಲಿನೀ,

ಏರಿಸಿಯಾಯಿತು! ಗಡುವಿಗೆ ಹನ್ನೊಂದು ತಾಸು ಮುಂಚೆ! ಕೊನೆಯವರೆಗೆ ಉಳಿದವರು ಆರುನೂರು ಚಿಲ್ಲರೆ ಮಂದಿ. ಅದರಲ್ಲಿ ನರಗುಂದ ತಾಲೂಕಿನವಳು ನೀನೊಬ್ಬಳೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವ್ವ ಅಡಿವೆವ್ವನವರು ಈ ಸುದ್ದಿ ಕೇಳಿ, “ಆಕಿ ಪಾಸಾಗ್ತಾಳ ಬಿಡು. ನಿಂದೇನಾತು?” ಎಂದು ಪ್ರಶ್ನಿಸಿದರು. ಕುಲಪತಿಗಳಿಗೆ ಪರೀಕ್ಷೆ ಇರುವುದಿಲ್ಲ ಎಂದು ವಿವರಿಸಲಾಯಿತು.

ಹಾಳೆ ಬಹಳ ಚೆನ್ನಾಗಿ ಕಾಣುತ್ತಿದೆ. ತುಂಬಿ ತುಳುಕುವಂತಿದೆ.

ಕುಲಪತಿ


ಸೂಡಿ
2 ಜನವರಿ 2025

ಪ್ರಿಯ ಅಕ್ಕಾ,

ಹೊಸ ವರ್ಷದ ಶುಭಾಶಯ. ಫಲಿತಾಂಶ ಬಂದಿದೆ. ಒಬ್ಬರು ತೊಂಬತ್ತು ಕೊಟ್ಟಿದ್ದಾರೆ, ಇನ್ನೊಬ್ಬರು ಎಂಬತ್ತೈದು. ಮೂರನೆಯವರು ಯಾರೋ ಅರಸಿಕರು, ಸೊನ್ನೆ. ಆ ಸೊನ್ನೆಯಿಂದಾಗಿ ಸರಾಸರಿ ಕುಸಿದು ಸ್ವಲ್ಪದರಲ್ಲಿ ಫೇಲು. ಜನವರಿ ಇಪ್ಪತ್ತರವರೆಗೆ ತಿದ್ದಿ ಮತ್ತೆ ಕಳಿಸಬಹುದಂತೆ. ತಿದ್ದುವಂಥದ್ದು ಏನೂ ಇಲ್ಲ, ನಿನ್ನ ಭಾಷೆ ಹಿಡಿಸಲಿಲ್ಲ ಅಂತ ಕಾಣುತ್ತದೆ. ಜಗತ್ತು ಪ್ರತಿಭೆಯನ್ನು ಕೂಡಲೇ ಗುರುತಿಸುವುದಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ದ್ಯಾಮೇಶ


ಶಿರೋಳ
9 ಜನವರಿ 2025

ಪಾಸ್‌ವರ್ಡ್ ಮರೆತಿದೆ ಎಂದು ಬರೆದಲ್ಲಿ ಒತ್ತಿದೆ. ಖಾತೆಗೆ ನನ್ನದೇ ನಂಬರ್ ಕೊಟ್ಟಿದ್ದೆಯಲ್ಲ, ಆರು ಅಂಕಿ ನನ್ನ ಫೋನಿಗೇ ಬಂದವು. ಅಕ್ಷರಗಳು ಶಿರೋಳದಲ್ಲೂ ಬರುತ್ತವೆ. ವೀಡಿಯೊ ಮಾತ್ರ ಬರುವುದಿಲ್ಲ.

ಸೊನ್ನೆ ಕೊಟ್ಟ ಅರಸಿಕಳು ಗುಲ್ನೋರಾ. ಆಕೆ ಬರೆದದ್ದನ್ನು ಡಿಕ್ಷನರಿ ಹಿಡಿದು ಓದಿದೆ.

“ರವಿವಾರ ಹೊಲಕ್ಕೆ ನೀರಿನ ಪಾಳಿ ಎಂದು ನೀನೇ ಬರೆದಿದ್ದೀ. ನೀರು ಬಿಟ್ಟ ಮರುದಿನ ಮಟ್ಟ ಮೇಲೇರಲೇಬೇಕು. ನಿನ್ನ ನಾಲ್ಕು ಸೋಮವಾರಗಳೂ ಏರುವುದಿಲ್ಲ, ರವಿವಾರಕ್ಕೂ ಮಂಗಳವಾರಕ್ಕೂ ಸರಿಯಾಗಿ ನಡುವೆ ಕೂತಿವೆ. ಇವನ್ನು ಯಾರೂ ಅಳೆದಿಲ್ಲ. ನಿನ್ನ ಪ್ರಶ್ನೆ ಓದಿದಾಗ ನನಗೊಬ್ಬ ಗೆಳತಿ ಸಿಕ್ಕಳು ಅಂದುಕೊಂಡಿದ್ದೆ.”

ನಾಲ್ಕು ಸೋಮವಾರಗಳು ಎಲ್ಲಿಂದ ಬಂದವು ದ್ಯಾಮೇಶಾ?

ಬಾಯಲ್ಲಿ ಹೇಳಬೇಡ, ಫೋನ್ ಮಾಡಬೇಡ. ಬರೆ.


ಸೂಡಿ
12 ಜನವರಿ 2025

ಅಕ್ಕಾ,

ನಾನು ತುಂಬಿದೆ. ಅತ್ತಿತ್ತಲಿನ ಎರಡು ದಿನ ಕೂಡಿಸಿ ಅರ್ಧ ಮಾಡಿದೆ. ಖಾಲಿ ಬಿಟ್ಟರೆ ನೀನು ಫೇಲಾಗುತ್ತೀ ಅನ್ನಿಸಿತು. ತುಂಬಿದ್ದಕ್ಕೇ ಫೇಲಾದೆ.

ನಿನ್ನ ಮೂಲ ಹಾಳೆ ಇದರೊಂದಿಗೆ ಇದೆ. ನಯೀಮನಿಗೆ ನಿನ್ನೆಯೇ, “ಇದು ಕಳೀಬ್ಯಾಡೋ ಮಾರಾಯಾ” ಎಂದು ಎರಡು ಸಲ ಹೇಳಿದ್ದೇನೆ. ಅವನು, “ದಿನಾ ನಗತಿದ್ದಿ, ಇವತ್ತೇನಾತು?” ಅಂದ.

ತಪ್ಪಾಯಿತು.

ದ್ಯಾಮೇಶ


ಶಿರೋಳ
2 ಫೆಬ್ರುವರಿ 2025

ದ್ಯಾಮ್ಯಾ,

ಮೂರು ವಾರ ನಿನ್ನನ್ನು ಕಾಯಿಸಿದ್ದು ಬೇಕಂತಲೇ.

ನಿನ್ನ ಲಕೋಟೆ ಬಂದ ಸಂಜೆ ಪಡಸಾಲೆಯಲ್ಲಿ ಕೂತು ಹಾಳೆಯನ್ನು ಹೊಸದಾಗಿ ನಕಲು ಮಾಡುತ್ತಿದ್ದೆ. ಮಾವ ಚಹಾ ಕುಡಿಯುತ್ತ ನೋಡುತ್ತಿದ್ದರು.

“ಇದೇನವಾ, ನಾಕ ಮನಿ ಖಾಲಿ ಬಿಟ್ಟೀ?”

“ಸೋಮವಾರ್ರಿ ಮಾವಾರ. ನೀವು ಹೊಲಕ್ಕ ಕಾಲಿಡಂಗಿಲ್ಲಲ್ರಿ, ಅದಕ್ಕ ನಾನೂ ಹೋಗಲಿಲ್ಲ.”

“ಇದಕ್ಕ ಫೇಲ್ ಮಾಡ್ಯಾರ?”

“ಖಾಲಿ ಬಿಟ್ಟದ್ದಕ್ಕಲ್ರಿ. ನಮ್ಮ ದ್ಯಾಮ್ಯಾ ಸುಳ್ಳ ತುಂಬಿದ್ದ, ಅದಕ್ಕ.”

“ಎಮ್ಮಿ ಹುಟ್ಟಿದ ತಾರೀಕ ಕೇಳಿದಾಂವ ಅಲ್ಲೇನ ಅಂವಾ?”

ಅಂದರೆ ಅದು ನೀನೇ ಎಂದು ಅವರಿಗೆ ಮೊದಲಿನಿಂದ ಗೊತ್ತಿತ್ತು! ಮಾವ ಬಟ್ಟಲು ಕೆಳಗಿಟ್ಟರು.

“ಅಲ್ಲವಾ, ಸೋಮವಾರ ಎತ್ತಿಗೆ ಸೂಟಿ. ನೆಲಕ್ಕ ಕಬ್ಬಿಣ ಇಳಸಬಾರದು. ಬರೇ ನೋಡಾಕ ಯಾರ ಬ್ಯಾಡಂದಾರ? ನಾ ಹೋಗದಿರೂದು ಮೊಣಕಾಲ ನೋವಿಗೆ. ರವಿವಾರ ನೀರ ತಿರುವಿ ತಿರುವಿ ಸೋಮವಾರ ಏಳಾಕ ಆಗಂಗಿಲ್ಲ ನನಗ.”

ನಾಲ್ಕು ವರ್ಷದಿಂದ ನಾನು ಅದನ್ನು ವ್ರತವೆಂದು ತಿಳಿದಿದ್ದೆ.

ಮರುದಿನ ಸೋಮವಾರ. ಬೆಳಿಗ್ಗೆ ಅವರೇ ಕೋಲೂರಿಕೊಂಡು ಹೊರಟರು. “ನಿನ್ನ ದಂಟ ಕೊಡು” ಎಂದರು. ಎರಡೂ ಪೈಪಿಗೆ ಇಳಿಸಿ ನೋಡಿದರು. ಗುಲ್ನೋರಾ ಹೇಳಿದಂತೆ ಎರಡರಲ್ಲೂ ನೀರು ಏರಿತ್ತು. ಮಂಗಳವಾರ ಮತ್ತೆ ಹೋದರು, ಬುಧವಾರವೂ. ಹರಿಯ ಮಗ್ಗುಲಿನದು ಇಳಿಯಿತು. ನಡುವಿನದು ಶುಕ್ರವಾರವಾದರೂ ಹಾಗೇ ನಿಂತಿತ್ತು. ಮೂವತ್ತು ವರ್ಷ ಅದೇ ಹೊಲ ಮಾಡಿದವರು ಪೈಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, “ನೀರು ಒಳಗ ಕುಂತೈತಿ. ನಾ ಮ್ಯಾಲೆ ಹುಡುಕಾಕತ್ತಿದ್ದೆ” ಎಂದು ತಮಗೇ ಹೇಳಿಕೊಂಡರು.

ಕಂಪನಿಯ ಮನುಷ್ಯ ಇಪ್ಪತ್ತೇಳನೇ ತಾರೀಖು ಕಾಗದ ತಂದ. ಅವನ ದುರ್ದೈವ, ಅದೂ ಸೋಮವಾರ. “ಇವತ್ತ ಹೊಲದ ಕಾಗದ ಮುಟ್ಟಂಗಿಲ್ಲ” ಎಂದು ಮಾವ ಗಂಭೀರವಾಗಿ ತಿರುಗಿಸಿ ಕಳಿಸಿದರು. ಮಂಗಳವಾರ ಮತ್ತೆ ಬಂದ. “ಒಂದ ವರ್ಷ ತಡೀರಿ. ನಮ್ಮ ಸೊಸಿ ಪ್ರಯೋಗ ನಡಸ್ಯಾಳ. ಆಗಲಿಲ್ಲಂದ್ರ ಆಮ್ಯಾಲ ನಿಮ್ಮ ಕನ್ನಡಿ ತರ್ರಿ” ಎಂದರು. ಬುಧವಾರದಿಂದ ದೊಡ್ಡ ಹರಿ ತೋಡುವ ಕೆಲಸ ನಡೆದಿದೆ.

ಪರೀಕ್ಷೆಯ ಸುದ್ದಿಯನ್ನು ಕೊನೆಗೆ ಹೇಳುತ್ತಿದ್ದೇನೆ. ಖಾಲಿ ಮನೆಗಳ ಹಾಳೆಯನ್ನು ನಾನೇ ಏರಿಸಿದೆ. ಇಂಗ್ಲಿಷ್ ನನ್ನದೇ, ತಪ್ಪುಗಳೂ ನನ್ನವೇ. ಸೋಮವಾರ ಏಕೆ ಹೋಗಲಿಲ್ಲ, ತುಂಬಿದವರು ಯಾರು, ಎಲ್ಲವನ್ನೂ ಬರೆದೆ. ಪಾಸಾಗಿದ್ದೇನೆ. ಗುಲ್ನೋರಾ ಎಂಬತ್ತು ಕೊಟ್ಟು, “ಈ ಹಾಳೆಯನ್ನು ನಂಬುತ್ತೇನೆ. ನಮ್ಮ ಅತ್ತೆ ಶುಕ್ರವಾರ ಹೊಲಕ್ಕೆ ಬಿಡುವುದಿಲ್ಲ” ಎಂದು ಬರೆದಿದ್ದಾಳೆ. ಪಾಠ ಪುಕ್ಕಟೆಯಾದರೂ ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಬೇಕಂತೆ. ಬೇಡವೆಂದೆ. ಮಾವನ ಮುಂದೆ ಇಡಲು ಈಗ ಅದು ಬೇಕಾಗಿಲ್ಲ.

ಇನ್ನು ಸಿಟ್ಟಿಲ್ಲ. ನಿನ್ನ ಮಾರ್ಕ್ಸು ಎಷ್ಟು ಬಂದವು? ಇಷ್ಟು ದಿನದಲ್ಲಿ ಒಮ್ಮೆಯೂ ಹೇಳಲಿಲ್ಲ.

ಅಕ್ಕ


ಸೂಡಿ
8 ಫೆಬ್ರುವರಿ 2025

ಸ್ವಸ್ತಿಶ್ರೀ ವಿಜಯಾಭ್ಯುದಯ! ಮಲಪ್ರಭಾ ಕಾಲುವೆಯ ಅಂತಿಮ ತೂಬಿನ ಅಧಿನಾಯಕಿ, ಸವಳು ಸಂಹಾರಿಣಿ, ಉಜ್ಬೇಕಿಸ್ತಾನ ಪರ್ಯಂತ ಹಬ್ಬಿದ ಕೀರ್ತಿಯುಳ್ಳ ಅಕ್ಕಾ!

ಸೂಡಿಯ ಪಡಸಾಲೆಯಲ್ಲಿ ನಿನ್ನೆ ಘಟಿಕೋತ್ಸವ ಜರುಗಿತು. ಕುಲಪತಿಗಳು ಅವ್ವನ ಜರಿ ಸೀರೆಯನ್ನು ಗೌನಿನಂತೆ ಹೊದ್ದಿದ್ದರು. ಅವ್ವ ನೋಡಿ ಸಾರಿನ ಹುಟ್ಟು ಹಿಡಿದು ಬಂದಿದ್ದರಿಂದ ಸಮಾರಂಭವನ್ನು ಮೊಟಕುಗೊಳಿಸಲಾಯಿತು. ನಿನಗೆ ‘ಮೃತ್ತಿಕಾ ಮಹೋಪಾಧ್ಯಾಯಿನಿ’ ಎಂಬ ಬಿರುದನ್ನೂ, ಲಕೋಟೆಗಳಲ್ಲಿ ಒಂದನ್ನೂ ಕಳೆಯದೆ ಸಾಗಿಸಿದ ನಯೀಮನಿಗೆ ಗೌರವ ಡಾಕ್ಟರೇಟನ್ನೂ ಸರ್ವಾನುಮತದಿಂದ ನೀಡಲಾಗಿದೆ. “ಡಾಕ್ಟರ್ ಆದಮ್ಯಾಲೂ ಟಿಕೆಟ್ ನಾನ ಹರೀಬೇಕೇನ?” ಎಂದು ಅವನು ಕೇಳಿದ್ದಾನೆ. ಸಮಿತಿ ಪರಿಶೀಲಿಸುತ್ತಿದೆ.

ಇನ್ನು ನಿನ್ನ ಪ್ರಶ್ನೆ. ನೀನು ಸೂಡಿಗೆ ಬಂದಾಗ ಇದನ್ನು ಅವ್ವನಿಗೆ ಓದಿ ಹೇಳುವುದಾದರೆ ಮುಂದಿನ ಭಾಗ ಬಿಟ್ಟುಬಿಡು.

ನಿನ್ನನ್ನು ಸೇರಿಸಿದ್ದು ನಿನ್ನ ಉದ್ಧಾರಕ್ಕಲ್ಲ. ಸವಳಿನ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಈ ವರ್ಷ ಎಲ್ಲರೂ ಒಂದು ಆನ್‌ಲೈನ್ ಪಾಠ ಮುಗಿಸಲೇಬೇಕೆಂದರು. ಮನೆಯಲ್ಲಿ ಓದುವ ಬುದ್ಧಿ ಇದ್ದವಳು ನೀನೊಬ್ಬಳು. ನೀನು ಬರೆದು ಕಳಿಸಿದರೆ ನಿನ್ನ ಹೆಸರಿನಲ್ಲಿ ಒಮ್ಮೆ, ನನ್ನ ಹೆಸರಿನಲ್ಲಿ ಒಮ್ಮೆ ಏರಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಐದು ವಾರ ಹಾಗೇ ನಡೆಯಿತು. ಆರನೇ ವಾರ ಯಂತ್ರ ಎರಡೂ ಉತ್ತರಗಳನ್ನು ಹೋಲಿಸಿ ನೋಡಿತು. ಮೊದಲು ಏರಿದ್ದು ನಿನ್ನದಾದ್ದರಿಂದ ನಿನಗೆ ಏನೂ ಆಗಲಿಲ್ಲ. ನನ್ನನ್ನು ಹೊರಗೆ ಹಾಕಿದರು. ಅಕ್ಟೋಬರ್‌ನಿಂದ ನಿನ್ನ ಕುಲಪತಿ ಸ್ವಂತ ವಿಶ್ವವಿದ್ಯಾಲಯದಿಂದ ಡಿಬಾರಾದ ಮನುಷ್ಯ.

ಹೋದ ವಾರ ಹೊಸ ತಂಡಕ್ಕೆ ಮತ್ತೆ ಸೇರಿದ್ದೇನೆ. ಮೊದಲ ವಾರದ ಪರೀಕ್ಷೆಯನ್ನು ಯಾರನ್ನೂ ಕೇಳದೆ ಬರೆದೆ. ಹತ್ತಕ್ಕೆ ಮೂರು. ಅದರಲ್ಲೊಂದು ಹಿಮ ಕರಗುವ ಪ್ರಶ್ನೆ. ಈ ಸಲ “ನಮ್ಮಲ್ಲಿ ಹಿಮ ಬೀಳುವುದಿಲ್ಲ” ಎಂದು ಬರೆದಿದ್ದೆ.

ಉಳಿದ ಏಳಕ್ಕೆ ಉತ್ತರ ಕಳಿಸಬೇಡ ಅಕ್ಕಾ. ವೀಡಿಯೊವನ್ನು ಅರ್ಧ ವೇಗಕ್ಕಿಡುವುದು ಎಲ್ಲಿ ಒತ್ತಿದರೆ ಬರುತ್ತದೆ, ಅಷ್ಟು ಹೇಳು.

ದ್ಯಾಮ್ಯಾ